ಕಿವಿಗೆ ಬರ್ತದೆ, ಕಣ್ಣಿಗೆ ಬರೂದಿಲ್ಲ

"ಕೇರಳ ಪೂರ್ತಿ ಡಿಜಿಟಲ್ ಸಾಕ್ಷರ ಆಯ್ತಂತಲ್ಲ, ನೀವಿನ್ನೂ ಕಾಸರಗೋಡಲ್ಲಿ ಮೊಬೈಲ್ ಕ್ಲಾಸ್ ಅಂತ ಏನ್ ಮಾಡ್ತಿದ್ದೀರಾ, ಅಲ್ಲಿರೋರು ಮಲಯಾಳಂ ಕಲಿತ್ರೆ ಮುಗೀತು" ಅಂತ ಮೊನ್ನೆ ಹೇಳಿದ್ದಿಯಲ್ಲ, ಅದು ಮನಸ್ಸಲ್ಲೇ ಕೂತಿದೆ ಮಾರಾಯ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಘೋಷಣೆ ಆದದ್ದು ಹೌದು, 2025ರ ಆಗಸ್ಟಲ್ಲಿ. 21 ಲಕ್ಷಕ್ಕಿಂತ ಹೆಚ್ಚು ಜನಕ್ಕೆ ಫೋನ್ ಬಳಸ್ಲಿಕ್ಕೆ ಹೇಳಿಕೊಟ್ಟಿದ್ದಾರೆ, ಸಣ್ಣ ಕೆಲಸ ಅಲ್ಲ ಅದು. ಆನ್‌ಲೈನ್ ಅರ್ಜಿ ಹಾಕಿಕೊಡುವ ಸರ್ಕಾರದ ಅಕ್ಷಯ ಕೇಂದ್ರ ಉಂಟು, ಕೇರಳ ಸರ್ಕಾರದ್ದೇ ಇಂಟರ್‌ನೆಟ್ ಕೆ-ಫೋನ್ ಉಂಟು. ಸಿಗ್ನಲ್ ಸಿಗದ ಮೂಲೆಗಳೂ ಉಂಟು, ಆದ್ರೆ ನಮ್ಮ ದೊಡ್ಡ ತಲೆಬಿಸಿ ಅದಲ್ಲ.

ಇಲ್ಲಿ ಮನೆಯಲ್ಲಿ ತುಳು, ಇಲ್ಲಾ ಹವ್ಯಕ, ಇಲ್ಲಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಪೇಟೆಯಲ್ಲಿ ಮಲಯಾಳ. ಹಾಗಾಗಿ ಹೆಚ್ಚಿನವರಿಗೆ ಮಲಯಾಳ ಕೇಳಿದ್ರೆ ಅರ್ಥ ಆಗ್ತದೆ, ಮಾತಾಡ್ಲಿಕ್ಕೂ ಬರ್ತದೆ, ಅಕ್ಷರ ಮಾತ್ರ ಬರೂದಿಲ್ಲ. ನೀನು ಕಲೀಲಿ ಅಂತಿ, ಕಲ್ತಾಗಿದೆ ಅವ್ರು, ಕಿವಿಯಿಂದ. ನಮ್ಮ ಪಕ್ಕದ ಮನೆ ದೊಡ್ಡಮ್ಮ ಬೀಡಿ ಕಟ್ಟಿ ಮೂರು ಮಕ್ಕಳನ್ನ ಸಾಕಿದವರು, ಪೆನ್ಶನ್ ಬರ್ಲಿಲ್ಲ ಅಂತ ಫೋನ್ ಹಿಡ್ಕೊಂಡು ಬಂದ್ರು. ನೋಡಿದ್ರೆ ಮಸ್ಟರಿಂಗ್ (ಪೆನ್ಶನ್ ತಗೊಳ್ಳುವವರು ಬದುಕಿದ್ದೇವೆ ಅಂತ ಖಾತ್ರಿ ಕೊಡೋದು) ಮಾಡಿಸಿ ಅಂತ ಮಲಯಾಳದಲ್ಲಿ ಮೆಸೇಜ್ ಬಂದು ತಿಂಗಳಾಗಿದೆ, ರೀಚಾರ್ಜಿನದ್ದು ಅಂದುಕೊಂಡು ಬಿಟ್ಟಿದ್ರು. ನಾನು ಗಟ್ಟಿಯಾಗಿ ಓದಿದೆ, ಅರ್ಧ ಓದುವಾಗಲೇ "ಓ ಬೆರಳು ಒತ್ಲಿಕ್ಕೆ ಹೋಗ್ಬೇಕಾದ್ದಾ" ಅಂತ ಎದ್ದೇ ಬಿಟ್ರು.

ಕಾಗದದ ಕಾಲದಲ್ಲಿ ಇಷ್ಟು ಕಷ್ಟ ಇರ್ಲಿಲ್ಲ. ನಮ್ಮಂಥವರು ಕನ್ನಡದಲ್ಲಿ ಅರ್ಜಿ ಕೊಡ್ಬಹುದು, ಉತ್ತರವೂ ಕನ್ನಡದಲ್ಲೇ ಬರ್ಬೇಕು ಅಂತ ಕೇರಳದ 1969ರ ಭಾಷಾ ಕಾನೂನಲ್ಲೇ ಉಂಟು, ಕೌಂಟರಲ್ಲಿ ಕನ್ನಡ ಬರುವ ಗುಮಾಸ್ತರೊಬ್ಬರು ಸಿಗ್ತಿದ್ರು. ಈಗ ಅರ್ಜಿ ಸ್ಕ್ರೀನಿಗೆ ಹೋಯ್ತು, ಸ್ಕ್ರೀನಲ್ಲಿ ಮಲಯಾಳ ಇಲ್ಲಾ ಇಂಗ್ಲಿಷ್.

ಅದಕ್ಕೇ ನಮ್ಮ ಪ್ಲಾನ್ ಬೇರೆ. ಭಾನುವಾರ ಮಧ್ಯಾಹ್ನ ಲೈಬ್ರರಿಯಲ್ಲಿ ಹತ್ತೇ ಜನ, ಅವರವರದ್ದೇ ಫೋನ್. ಮೊದಲ ಪಾಠ ಒಂದೇ, ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಲ್ಲಿ ಹಾಕಿ ಓದಿಸೋದು. ಫೋನೇ ಮಲಯಾಳ ಓದಿ ಹೇಳಿದ್ರೆ ಕಿವಿಗೆ ಸಾಕು, ಇನ್ನೊಬ್ಬರ ಮನೆ ಬಾಗಿಲಿಗೆ ಹೋಗ್ಲಿಕ್ಕಿಲ್ಲ, ಒಟಿಪಿಯನ್ನೂ ಕಂಡವರಿಗೆಲ್ಲ ತೋರಿಸ್ಲಿಕ್ಕಿಲ್ಲ. ಕೊರಗ ಬುಡಕಟ್ಟಿನವರ ಮನೆಗಳಿರೋ ಕಡೆಗೆ ನಾವೇ ಹೋಗೋದು, ಸಂಜೆ ಏಳರ ಮೇಲೆ, ತುಳುವಲ್ಲಿ. ಯಾಕಂದ್ರೆ ಅಲ್ಲಿ ಕೆಲವು ಮನೆಗಳಲ್ಲಿ ಇರೋದು ಒಂದೇ ಫೋನ್, ಅದು ಬೆಳಿಗ್ಗೆ ಮಗನ ಜೊತೆ ಕೆಲಸಕ್ಕೆ ಹೋಗ್ತದೆ, ತಾಯಿಯ ಒಟಿಪಿ ಮಗ ಇರೋ ಸೈಟಲ್ಲಿ ಬಂದು ಬೀಳ್ತದೆ. ಹಗಲು ಹೋಗಿ ಕ್ಲಾಸ್ ಮಾಡಿದ್ರೆ ಎಂತ ಪ್ರಯೋಜನ ಹೇಳು.

ಮತ್ತೆ "ಅಲ್ಲಿರೋರು" ಅಂದಿಯಲ್ಲ, ಅದು ಬೇಸರ ಆಯ್ತು. ನನ್ನ ಅಜ್ಜ ಕಂದಾಯದ ಕಾಗದಕ್ಕೆ ಮಂಗಳೂರಿಗೆ ಹೋಗ್ತಿದ್ದವರು, 1956ರ ನವೆಂಬರ್ 1ಕ್ಕೆ ಕೇರಳ ಆಯ್ತು, ಅದೇ ಮನೆ, ಅದೇ ಅಡಿಕೆ ತೋಟ. ಗೋವಿಂದ ಪೈಗಳ ಮಂಜೇಶ್ವರ ಇದು. ನಮಗೆ ಮಲಯಾಳದ ಮೇಲೆ ಸಿಟ್ಟಿಲ್ಲ, ಆ ಭಾಷೆಯಲ್ಲೇ ದಿನಾ ವ್ಯಾಪಾರ ಮಾಡಿ ಮದುವೆ ಊಟ ಮಾಡಿ ಬರುವವರು ನಾವು. ಫಾರ್ಮಲ್ಲಿ ಮೂರನೇ ಭಾಷೆಗೊಂದು ಬಟನ್ ಕೇಳ್ತಿದ್ದೇವೆ, ಅಷ್ಟೇ. ಅದಕ್ಕೆ ಅರ್ಜಿ ಬರ್ದಾಗಿದೆ, ಕನ್ನಡದಲ್ಲೇ. ಸೋಮವಾರ ಕೊಡ್ತೇವೆ, ಉತ್ತರ ಯಾವ ಭಾಷೆಯಲ್ಲಿ ಬಂತು ಅಂತ ನಿನಗೂ ಹೇಳ್ತೇನೆ.