ಒಂಬತ್ತು ವರ್ಷದ ಎಸ್‌ಯುವಿ ಫಿಟ್‌ನೆಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲ್ ಆಗಿದೆ, ಈ ವರ್ಷ ಪಾಸಾಗಿದೆ. ಕೊಳ್ಳಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ಡೀಸೆಲ್ ಎಸ್‌ಯುವಿ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಮಾದರಿ. ಆರು ವರ್ಷಗಳ ವರದಿಗಳು ನಿಮ್ಮ ಕೈಯಲ್ಲಿವೆ. ಒಂದು ವರ್ಷ ಹೆಡ್‌ಲ್ಯಾಂಪಿನ ಬೆಳಕು ಮೇಲಕ್ಕೆ ಬೀಳುತ್ತಿದ್ದುದಕ್ಕೆ ಫೇಲ್, ಇನ್ನೊಂದು ವರ್ಷ ಟಯರ್ ಸವೆದದ್ದಕ್ಕೆ ಫೇಲ್. ಎರಡು ಸಲವೂ ಮರುಪರೀಕ್ಷೆಯಲ್ಲಿ ಪಾಸ್. ಮುಂಭಾಗದ ಕೆಳ ಆರ್ಮ್‌ನ (ಚಕ್ರವನ್ನು ಗಾಡಿಯ ಮೈಗೆ ಜೋಡಿಸುವ ತೋಳು) ಬುಷ್, ಅಂದರೆ ಅದರ ಕೀಲಿನ ರಬ್ಬರ್ ತುಂಡು, ಸವೆದಿದೆ ಎಂಬ ಸೂಚನೆ (ಫೇಲ್ ಮಾಡದೆ ಬರೆದಿಡುವ ಎಚ್ಚರಿಕೆ) ಸತತ ಮೂರು ವರ್ಷ ಬಂದಿದೆ. ಕಳೆದ ವರ್ಷ ಅದರ ಜೊತೆಗೆ ಬ್ರೇಕ್ ಪೈಪಿನ ಮೇಲೆ ತುಕ್ಕು ಎಂಬ ಸೂಚನೆಯೂ ಇದೆ. ಈ ವರ್ಷದ ವರದಿಯಲ್ಲಿ ಒಂದು ಸೂಚನೆಯೂ ಇಲ್ಲ. ಮಾರುವವರು ಅದನ್ನೇ ಮುಂದೆ ಹಿಡಿದು ‘ಇನ್ನೇನು ಬೇಕು?’ ಎನ್ನುತ್ತಿದ್ದಾರೆ.

ಆ ಎರಡು ಫೇಲ್‌ಗಳ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಹೆಡ್‌ಲ್ಯಾಂಪಿನದ್ದು ಒಂದು ತಿರುಪು ತಿರುಗಿಸಿದರೆ ಮುಗಿಯುವ ಕೆಲಸ. ಟಯರಿನ ಪಟ್ಟೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗುವವರೆಗೂ ಓಡಿಸಿದ್ದು ಮಾಲೀಕರ ಸೋಮಾರಿತನವನ್ನು ತೋರಿಸುತ್ತದೆ, ಗಾಡಿಯ ದೋಷವನ್ನಲ್ಲ. ನನಗೆ ಅನುಮಾನ ಬಂದಿರುವುದು ಈ ವರ್ಷದ ಚೊಕ್ಕ ವರದಿಯ ಮೇಲೆ. ಮೂರು ವರ್ಷ ಇದ್ದ ಬುಷ್ ಎಲ್ಲಿಗೆ ಹೋಯಿತು? ಬದಲಿಸಿದ್ದರೆ ಬಿಲ್ ಇರಬೇಕು. ಬಿಲ್ ಇಲ್ಲದಿದ್ದರೆ, ಈ ಸಲ ಪರೀಕ್ಷಿಸಿದವರ ಕಣ್ಣಿಗೆ ಅದು ಬಿದ್ದಿಲ್ಲ ಎಂದಷ್ಟೇ ಅರ್ಥ. ರಬ್ಬರ್ ತಾನಾಗಿ ವಾಸಿಯಾಗುವ ವಸ್ತುವಲ್ಲ. ತುಕ್ಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗಾಡಿಯ ಅಡಿಭಾಗಕ್ಕೆ ಹೊಸದಾಗಿ ಕಪ್ಪು ಲೇಪನ ಬಳಿದಿದ್ದರೆ ಅದು ರಕ್ಷಣೆಯೂ ಆಗಿರಬಹುದು, ಮುಸುಕೂ ಆಗಿರಬಹುದು. ಪರೀಕ್ಷಕರು ಲೇಪನವನ್ನು ಕೆರೆದು ನೋಡುವುದಿಲ್ಲ, ಅಡಿಯ ಪ್ಲಾಸ್ಟಿಕ್ ಹೊದಿಕೆಗಳನ್ನು ಬಿಚ್ಚುವುದೂ ಇಲ್ಲ.

ಇದನ್ನೆಲ್ಲ ನಾನು ಬುದ್ಧಿವಂತಿಕೆಯಿಂದ ಕಲಿತದ್ದಲ್ಲ. ನನ್ನ ಮೊದಲ ಎಸ್‌ಯುವಿಯನ್ನು ಕೊಳ್ಳುವಾಗ ನಾನು ನೋಡಿದ್ದು ಕೊನೆಯ ಹಾಳೆಯನ್ನು ಮಾತ್ರ. ನಿಮ್ಮದರಲ್ಲಿರುವಂತೆಯೇ ಒಂದು ಬುಷ್ಷಿನ ಸೂಚನೆ ಹಿಂದಿನ ಹಾಳೆಗಳಲ್ಲಿ ಇತ್ತು. ಕೊಂಡ ಮೇಲೆ ಓದಿದೆ, ಓದಿ ಸುಮ್ಮನಾದೆ. ವರ್ಷ ತುಂಬುವುದರೊಳಗೆ ಸಡಿಲ ಬುಷ್‌ನಿಂದಾಗಿ ಚಕ್ರದ ಕೋನ ತಪ್ಪಿ ಮುಂದಿನ ಎರಡೂ ಟಯರುಗಳ ಒಳ ಅಂಚು ತಂತಿ ಕಾಣುವಷ್ಟು ಸವೆದಿತ್ತು. ಹೊರಗಿನಿಂದ ನೋಡಿದರೆ ಹೊಸ ಟಯರಿನಂತೆಯೇ ಕಾಣುತ್ತಿತ್ತು! ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು, ಬಾಲ್ ಜಾಯಿಂಟ್, ಕೂಡ ಹೋಗಿತ್ತು. ಕೊನೆಗೆ ಇಡೀ ಆರ್ಮನ್ನೇ ಬದಲಿಸಬೇಕಾಯಿತು. ಆದ್ದರಿಂದ ಟಯರ್ ನೋಡುವಾಗ ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿಟ್ಟು, ಒಳ ಅಂಚಿಗೆ ಕೈ ಹಾಕಿ ನೋಡಿ.

ಎಸ್‌ಯುವಿಗಳಲ್ಲಿ ಬುಷ್, ಬಾಲ್ ಜಾಯಿಂಟ್, ಸ್ಪ್ರಿಂಗ್ ಇವು ಬೇಗ ಸವೆಯುವುದಕ್ಕೆ ಕಾರಣ ಸರಳ: ಗಾಡಿ ಭಾರ, ಚಕ್ರ ದೊಡ್ಡದು, ಮೈ ಎತ್ತರ. ಹಿಂದೆ ಟ್ರೇಲರ್ ಎಳೆಯುವ ಕೊಂಡಿ ಇದ್ದರೆ ಏನನ್ನು ಎಳೆದಿದ್ದಾರೆ ಎಂದು ಕೇಳಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ದೂರದಿಂದ ನೋಡಿ. ಖಾಲಿ ಗಾಡಿಯೇ ಹಿಂದಕ್ಕೆ ಕುಸಿದು ನಿಂತಿದ್ದರೆ ಸ್ಪ್ರಿಂಗ್ ದಣಿದಿದೆ.

ಈಗ, ನಾಲ್ಕು ಚಕ್ರ ಚಾಲನೆಯ ಗಾಡಿಗಳ ವರದಿಯಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ. ಸಾಮಾನ್ಯ ಕಾರಿನ ಬ್ರೇಕನ್ನು ರೋಲರುಗಳ ಮೇಲೆ ಒಂದೊಂದೇ ಚಕ್ರವನ್ನು ತಿರುಗಿಸಿ ಅಳೆಯುತ್ತಾರೆ. ಒಂದೇ ಆಕ್ಸಲ್‌ನ ಎಡ ಬಲ ಚಕ್ರಗಳ ನಡುವೆ ಹೆಚ್ಚು ವ್ಯತ್ಯಾಸ ಬಂದರೆ, ಹಲವು ದೇಶಗಳಲ್ಲಿ ಶೇ. 30 ದಾಟಿದರೆ, ಫೇಲ್. ಸದಾ ನಾಲ್ಕು ಚಕ್ರ ಚಾಲನೆಯಲ್ಲಿರುವ ಗಾಡಿಯನ್ನು ಹಾಗೆ ರೋಲರಿನ ಮೇಲೆ ತಿರುಗಿಸಿದರೆ ಒಳಗಿನ ಗೇರುಗಳಿಗೆ ಪೆಟ್ಟಾಗುವ ಸಂಭವವಿದೆ. ಹಾಗಾಗಿ ಅವುಗಳಲ್ಲಿ ಅನೇಕವನ್ನು ಓಡಿಸಿ, ಬ್ರೇಕ್ ಒತ್ತಿ, ವೇಗ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಮೀಟರಿನಿಂದ ಅಳೆಯುತ್ತಾರೆ. ಆಗ ಸಿಗುವುದು ಇಡೀ ಗಾಡಿಯ ಅಂಕಿ. ಒಂದೊಂದು ಚಕ್ರದ ಸ್ಥಿತಿ ಅದರಲ್ಲಿ ಕಾಣುವುದಿಲ್ಲ. ಖಾಲಿ ರಸ್ತೆಯಲ್ಲಿ ಸ್ಟೀರಿಂಗನ್ನು ಹಗುರವಾಗಿ ಹಿಡಿದು ಬ್ರೇಕ್ ಹಾಕಿ, ಗಾಡಿ ಒಂದು ಬದಿಗೆ ಎಳೆಯುತ್ತದೆಯೇ ಎಂದು ನೀವೇ ನೋಡಬೇಕು. ಇಳಿದ ಮೇಲೆ ಚಕ್ರಗಳ ಬಳಿ ಕೈ ಚಾಚಿ. ಒಂದು ಮಾತ್ರ ವಿಪರೀತ ಬಿಸಿಯಿದ್ದರೆ ಅಲ್ಲಿನ ಕ್ಯಾಲಿಪರ್, ಅಂದರೆ ಬ್ರೇಕ್ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ, ಬಿಡದೆ ಹಿಡಿದುಕೊಂಡಿದೆ.

ಪಾಸಾದ ಟಯರುಗಳೂ ಇಂಥ ಗಾಡಿಯನ್ನು ಹಾಳುಮಾಡಬಲ್ಲವು. ಎರಡು ಹೊಸದು, ಎರಡು ಅರ್ಧ ಸವೆದದ್ದು ಇದ್ದರೆ ಪರೀಕ್ಷೆಯ ಮಟ್ಟಿಗೆ ತೊಂದರೆಯಿಲ್ಲ. ಆದರೆ ಸುತ್ತಳತೆ ಬೇರೆಯಾದ್ದರಿಂದ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತುತ್ತವೆ, ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ನಡುವಿನ ಕಪ್ಲಿಂಗ್ ಅಥವಾ ಡಿಫರೆನ್ಷಿಯಲ್ ನೆಟ್ಟಗಿನ ರಸ್ತೆಯಲ್ಲೂ ದುಡಿಯುತ್ತಲೇ ಇರುತ್ತದೆ. ಅದಕ್ಕೆ ಆದ ಹಾನಿಯನ್ನು ಯಾವ ವರದಿಯೂ ಬರೆಯುವುದಿಲ್ಲ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಒಂದು ಸುತ್ತು ಹಾಕಿ. ಗಾಡಿ ತಡೆತಡೆದು ಜಗ್ಗಿದರೆ ಅಥವಾ ನಡುಗಿದರೆ ಅಲ್ಲಿಗೇ ಬಿಟ್ಟುಬಿಡಿ. ಟಯರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಓದಿ: ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ.

ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಎಷ್ಟು ಸವೆದಿವೆ ಎಂಬುದು ಈ ಪರೀಕ್ಷೆಯ ವ್ಯಾಪ್ತಿಯಲ್ಲೇ ಇಲ್ಲ. ಡೀಸೆಲ್ ಎಂದಿದ್ದೀರಿ, ಹಾಗಾಗಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಬಗ್ಗೆ ಒಂದು ಮಾತು. ಮಸಿಯನ್ನು ಸುಟ್ಟು ಖಾಲಿಯಾಗಲು ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬರೀ ಸಣ್ಣ ಸಣ್ಣ ಓಡಾಟಕ್ಕೆ ಬಳಸಿದ ಗಾಡಿಯಲ್ಲಿ ಅದು ಅರ್ಧಕ್ಕೇ ನಿಂತು ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಸುಡಲೆಂದು ಚಿಮ್ಮಿಸಿದ ಡೀಸೆಲ್ ಸ್ವಲ್ಪ ಸ್ವಲ್ಪವೇ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ (ಡಿಪ್‌ಸ್ಟಿಕ್) ಆಯಿಲ್ ಗರಿಷ್ಠ ಗೆರೆಗಿಂತ ಮೇಲಿದ್ದರೆ ಖುಷಿಪಡಬೇಡಿ. ಎಂಜಿನ್ ತಣ್ಣಗಿರುವಾಗ ಹೊಗೆ ಕೊಳವೆಯೊಳಗೆ ಬೆರಳಾಡಿಸಿ. ದಪ್ಪ ಕರಿ ಮಸಿ ಬಂದರೆ ಫಿಲ್ಟರ್ ಒಡೆದಿರಬಹುದು, ಅಥವಾ ಯಾರೋ ಅದನ್ನು ಕಿತ್ತು ಖಾಲಿ ಡಬ್ಬಿ ಕೂರಿಸಿರಬಹುದು. ಕೀಲಿ ತಿರುಗಿಸಿದಾಗ ಎಂಜಿನ್ ಎಚ್ಚರಿಕೆಯ ದೀಪ ಒಮ್ಮೆ ಹೊತ್ತಿ ಆರಬೇಕು. ಹೊತ್ತದೇ ಇರುವುದೂ ದೋಷವೇ.

ಆರೂ ವರದಿಗಳಲ್ಲಿನ ಓಡೋಮೀಟರ್ ಅಂಕಿಗಳನ್ನು ಸಾಲಾಗಿ ಬರೆದುಕೊಳ್ಳಿ. ಇಳಿದಿದ್ದರೆ ಹೇಳುವುದೇ ಬೇಡ. ಒಂದು ವರ್ಷ ಏನೂ ಓಡದೆ ನಿಂತಿದ್ದರೆ ಕಾರಣ ಕೇಳಿ; ನಿಂತ ಗಾಡಿಯಲ್ಲಿ ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ, ಹ್ಯಾಂಡ್‌ಬ್ರೇಕ್ ಕಚ್ಚಿಕೊಳ್ಳುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಾರುವವರಿಗೆ ಎರಡೇ ಬೇಡಿಕೆ ಇಡುತ್ತಿದ್ದೆ: ಬುಷ್ ಮತ್ತು ಬ್ರೇಕ್ ಪೈಪ್ ಕೆಲಸದ ಬಿಲ್, ಹಾಗೂ ನನಗೆ ಪರಿಚಯದ ಮೆಕ್ಯಾನಿಕ್‌ನ ಲಿಫ್ಟ್ ಮೇಲೆ ಅರ್ಧ ಗಂಟೆ. ಬಿಲ್ ಕಳೆದುಹೋಗಿದೆ ಎಂದರೂ ಲಿಫ್ಟಿಗೆ ಒಪ್ಪಿದರೆ ಹೋಗಿ ನೋಡುತ್ತಿದ್ದೆ. ಲಿಫ್ಟಿಗೆ ಒಪ್ಪದಿದ್ದರೆ ಎಷ್ಟು ಕಡಿಮೆ ಬೆಲೆ ಹೇಳಿದರೂ ಕೊಳ್ಳುತ್ತಿರಲಿಲ್ಲ.