ಚೀಟಿಯಲ್ಲಿ ಕ್ಯಾನ್ಸರ್ ಎಂದಿದೆ, ಈಸ್ಟ್ರೋಜನ್ ಕ್ರೀಮ್ ಹಚ್ಚಿಕೊಳ್ಳಬಹುದೇ?

ಮುಟ್ಟು ನಿಂತು ಆರು ವರ್ಷ, ಉರಿ, ಒಣಗುವಿಕೆ, ಮೇಲಿಂದ ಮೇಲೆ ಮೂತ್ರದ ಸೋಂಕು. ವೈದ್ಯರು ಕೊಟ್ಟ ಯೋನಿ ಕ್ರೀಮಿನ ಡಬ್ಬಿಯೊಳಗಿನ ಎಚ್ಚರಿಕೆಯ ಚೀಟಿಯಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಎಂದು ಓದಿ ಅದನ್ನು ಮುಟ್ಟಲೇ ಇಲ್ಲ ಎಂದಿದ್ದೀರಿ. ನನ್ನ ಟ್ಯೂಬ್ ಎರಡು ತಿಂಗಳು ಬೀರುವಿನಲ್ಲಿ ರೇಷ್ಮೆ ಸೀರೆಗಳ ಹಿಂದೆ ಅಡಗಿತ್ತು. ನಾನು ವೈದ್ಯಳಲ್ಲ, ನಿವೃತ್ತ ಶಿಕ್ಷಕಿ. ಚೀಟಿಯನ್ನು ಭೂತಗನ್ನಡಿ ಹಿಡಿದು ಓದಿದವಳು.

ಅದಕ್ಕೂ ಮೊದಲು ಒಂದೇ ವರ್ಷದಲ್ಲಿ ಮೂರು ಸಲ ಆಂಟಿಬಯೋಟಿಕ್ ನುಂಗಿದ್ದೆ. ‘ಉಷ್ಣ ಆಗಿದೆ, ಬಾರ್ಲಿ ನೀರು ಕುಡಿ’ ಎಂದರು, ಕೊಡಗಟ್ಟಲೆ ಕುಡಿದೆ. ಮದುವೆಮನೆಗೆ ಹೋದರೆ ಮೊದಲು ಶೌಚಾಲಯ ಎಲ್ಲಿದೆಯೆಂದು ನೋಡಿಕೊಂಡು, ಆಮೇಲೆ ವಧೂವರರ ಕಡೆ ತಿರುಗುತ್ತಿದ್ದೆ. ಉಷ್ಣದ ಮಾತಲ್ಲ ಅದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿದಂತೆ ಯೋನಿಯ ಒಳಪದರ ತೆಳುವಾಗುತ್ತದೆ, ಅಲ್ಲಿನ ಆಮ್ಲಗುಣ ಕಾಯುವ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ಆ ಜಾಗದಲ್ಲಿ ಕರುಳಿನ ರೋಗಾಣುಗಳು ಬೀಡುಬಿಡುತ್ತವೆ. ಪದೇ ಪದೇ ಸೋಂಕಾಗುತ್ತಿದ್ದ ಮಹಿಳೆಯರ ಮೇಲೆ 1993ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಎಸ್ಟ್ರಿಯಾಲ್ ಎಂಬ ಒಂದು ಬಗೆಯ ಈಸ್ಟ್ರೋಜನ್ ಇರುವ ಕ್ರೀಮ್ ಹಚ್ಚಿಕೊಂಡವರಿಗೆ ವರ್ಷಕ್ಕೆ ಸರಾಸರಿ 0.5 ಸಲ, ಔಷಧವಿಲ್ಲದ ಬರೀ ಕ್ರೀಮ್ ಹಚ್ಚಿಕೊಂಡವರಿಗೆ 5.9 ಸಲ ಸೋಂಕಾಗಿತ್ತು.

ಇನ್ನು ಭಯದ ವಿಷಯ. ಆ ಎಚ್ಚರಿಕೆಯ ಬೇರು 2002ರ ಅಮೆರಿಕದ ದೊಡ್ಡ ಅಧ್ಯಯನದಲ್ಲಿದೆ. ಅಲ್ಲಿ ಪರೀಕ್ಷಿಸಿದ್ದು ನುಂಗುವ ಹಾರ್ಮೋನ್ ಮಾತ್ರೆಯನ್ನು, ಚೀಟಿಯಲ್ಲಿ ಸಿಕ್ಕಿಕೊಂಡದ್ದು ಕ್ರೀಮ್ ಕೂಡ. ಲೆಕ್ಕ ನೋಡಿ: ಯೋನಿಯೊಳಗೆ ಇಡುವ 10 ಮೈಕ್ರೋಗ್ರಾಂ ಈಸ್ಟ್ರೋಜನ್ ಬಿಲ್ಲೆಯನ್ನು ಎರಡು ವಾರ ದಿನವೂ, ಆಮೇಲೆ ವಾರಕ್ಕೆರಡು ಸಲ ಬಳಸಿದರೆ ವರ್ಷಕ್ಕೆ ಒಟ್ಟು 1.14 ಮಿಲಿಗ್ರಾಂ. ನುಂಗುವ 1 ಮಿಲಿಗ್ರಾಂ ಮಾತ್ರೆಯಲ್ಲಿ ಹೆಚ್ಚುಕಡಿಮೆ ಅಷ್ಟು ಒಂದೇ ದಿನಕ್ಕೆ ಹೊಟ್ಟೆ ಸೇರುತ್ತದೆ. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿದ್ದ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಯೋನಿ ಈಸ್ಟ್ರೋಜನ್ ಬಳಸಿದವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಹೆಚ್ಚಿರಲಿಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆ ಎಚ್ಚರಿಕೆಗಳನ್ನು ತೆಗೆಸಲು ಹೊರಟರು. ಇಷ್ಟು ತಡವೇಕೆ ಎಂದು ನನಗೆ ಸಿಟ್ಟಿದೆ.

ಹಾಗೆಂದು ಯಾರು ಬೇಕಾದರೂ ಹಚ್ಚಿಕೊಳ್ಳಬಹುದೆಂದಲ್ಲ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡಿದ್ದರೂ, ಕಾರಣ ತಿಳಿಯುವವರೆಗೆ ಟ್ಯೂಬ್ ತೆರೆಯಬೇಡಿ. ನನ್ನ ತಂಗಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವಳು, ಲೆಟ್ರೋಜೋಲ್ ನುಂಗುತ್ತಾಳೆ. ಮೈಯಲ್ಲಿ ಈಸ್ಟ್ರೋಜನ್ ಆಗದಂತೆ ತಡೆಯುವ ಮಾತ್ರೆ ಅದು. ಅವಳ ಕ್ಯಾನ್ಸರ್ ವೈದ್ಯರು ಕ್ರೀಮ್ ಬೇಡವೆಂದು, ಹಾರ್ಮೋನ್ ಇಲ್ಲದ ಜೆಲ್ ಕೊಟ್ಟರು. ಅವಳಿಗೂ ನನಗೂ ಒಂದೇ ಉತ್ತರವಿಲ್ಲ. ಕ್ರೀಮುಗಳಲ್ಲೂ ವ್ಯತ್ಯಾಸವಿದೆ, ಪ್ರಮಾಣ ಹೆಚ್ಚಾದರೆ ರಕ್ತಕ್ಕೆ ಸೇರುವುದೂ ಹೆಚ್ಚು. ಹಾಗಾಗಿ ಅಳತೆಗೋಲಿನಲ್ಲಿ ವೈದ್ಯರು ಹೇಳಿದ ಗೆರೆ ದಾಟಬೇಡಿ.

ನನಗೆ ಮೊದಲ ವಾರ ತುಸು ಉರಿಯಿತು, ಬಿಟ್ಟುಬಿಡುವುದರಲ್ಲಿದ್ದೆ. ಆರನೇ ವಾರದ ಹೊತ್ತಿಗೆ ರಾತ್ರಿ ನಾಲ್ಕು ಸಲ ಏಳುತ್ತಿದ್ದವಳು ಒಂದು ಸಲ ಏಳುವಂತಾದೆ. ವಾಸಿಯಾಯಿತೆಂದು ನಿಲ್ಲಿಸಿದಾಗ ಎಲ್ಲ ಮರಳಿತು. ಈಗ ಸೋಮವಾರ, ಗುರುವಾರ ತಪ್ಪಿಸುವುದಿಲ್ಲ. ನಿಮಗೆ ರಕ್ತಸ್ರಾವವಾಗಲಿ ಸ್ತನ ಕ್ಯಾನ್ಸರಿನ ಹಿನ್ನೆಲೆಯಾಗಲಿ ಇದೆಯೇ ಎಂದು ಬರೆದಿಲ್ಲ. ಇದ್ದರೆ ಆ ಚೀಟಿ ಹಿಡಿದು ಮತ್ತೆ ವೈದ್ಯರ ಬಳಿ ಹೋಗಿ.