ಘಾಟು ಇಳಿದ ಮೇಲೆ ರುಚಿ

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ತಮ್ಮ ಒಂದು ಬರ್ಬನ್ (ಅಮೆರಿಕದ ವಿಸ್ಕಿ) ಬಾಟಲಿ ತಂದುಕೊಟ್ಟಿದ್ದಾನೆ. ಮೇಲೆ ‘124 ಪ್ರೂಫ್’ ಎಂದಿದೆ. ಮೂಸಿದರೆ ಕಣ್ಣಲ್ಲಿ ನೀರು, ಬಾಯಿಗೆ ಹಾಕಿದರೆ ಬೆಂಕಿ. ಅವನು ಮಾತ್ರ ವೆನಿಲಾ, ಚೆರ್ರಿ, ಚರ್ಮದ ವಾಸನೆ ಅಂತ ಏನೇನೋ ಹೇಳುತ್ತಾನೆ. ನೀರು ಹಾಕಿದರೆ ಅಪಚಾರವಂತೆ. ನಮ್ಮ ವಿಸ್ಕಿ ಬಾಟಲಿಯ ಮೇಲೂ 75 ಪ್ರೂಫ್ ಅಂತ ಇರುತ್ತದಲ್ಲ, ಇದು ಅಷ್ಟೊಂದು ಜಾಸ್ತಿಯಾ? ಇದು ಒಳ್ಳೆಯ ಮಾಲೋ ಅಲ್ಲವೋ ಅಂತ ತಿಳಿಯುವುದು ಹೇಗೆ?
— ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಲೆಕ್ಕ ಮುಗಿಸೋಣ. ಅಮೆರಿಕದ ಪ್ರೂಫ್ ಸುಲಭ, ಅರ್ಧ ಮಾಡಿದರೆ ಆಯಿತು. 124 ಎಂದರೆ ಶೇ 62 ಆಲ್ಕೋಹಾಲ್. ನಮ್ಮ ಬಾಟಲಿಯ ಮೇಲಿರುವುದು ಬ್ರಿಟಿಷರು ಬಿಟ್ಟುಹೋದ ಪ್ರೂಫ್. ಅದರಲ್ಲಿ 100 ಎಂದರೆ ಸುಮಾರು ಶೇ 57. ಹಾಗಾಗಿ ನಮ್ಮ 75 ಪ್ರೂಫ್ ಶೇ 42.8 ಆಗುತ್ತದೆ. ಒಂದೇ ಹೆಸರು, ಎರಡು ಬೇರೆ ಅಳತೆಗೋಲು. ನಿಮ್ಮ ತಮ್ಮನ ಬಾಟಲಿ ನಿಮಗೆ ರೂಢಿಯಾದದ್ದಕ್ಕಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಗಟ್ಟಿ.

ಈ 124 ಎಲ್ಲಿಂದ ಬಂತು? ಬರ್ಬನ್‌ಗೆ ಬಳಸುವ ಧಾನ್ಯದಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳ ಇರಬೇಕು. ಒಳಗೆ ಸುಟ್ಟು ಇದ್ದಿಲಾಗಿಸಿದ ಹೊಸ ಓಕ್ ಪೀಪಾಯಿಗೇ ತುಂಬಬೇಕು. ತುಂಬುವಾಗ 125 ಪ್ರೂಫ್ ಮೀರಬಾರದು. ಆಮೇಲೆ ಬರ್ಬನ್‌ನ ತವರಾದ ಕೆಂಟಕಿ ರಾಜ್ಯದ ಬೇಸಿಗೆ ತನ್ನ ಕೆಲಸ ಮಾಡುತ್ತದೆ. ಉಗ್ರಾಣದ ಮೇಲಿನ ಅಂತಸ್ತು ಬಿಸಿ, ಒಣ. ಅಲ್ಲಿ ಮರದ ಮೂಲಕ ಆಲ್ಕೋಹಾಲಿಗಿಂತ ನೀರೇ ಬೇಗ ಆರುತ್ತದೆ, ಪ್ರೂಫ್ ಏರುತ್ತದೆ. ಕೆಳಗಿನ ತಂಪಿನಲ್ಲಿ ಇಳಿಯಲೂಬಹುದು. ಹೀಗೆ ಬಂದದ್ದಕ್ಕೆ ನೀರು ಬೆರೆಸದೆ ಬಾಟಲಿಗೆ ತುಂಬಿದರೆ ಅದು ‘ಬ್ಯಾರೆಲ್ ಪ್ರೂಫ್’. ಎಲೈಜಾ ಕ್ರೇಗ್ ಎಂಬ ಬರ್ಬನ್‌ನ ಬ್ಯಾರೆಲ್ ಪ್ರೂಫನ್ನೇ ನೋಡಿ: 2023ರ ಕೊನೆಯ ಬ್ಯಾಚ್ 133, ಅದರ ಹಿಂದೆಯೇ 2024ರ ಜನವರಿಯಲ್ಲಿ ಬಂದ ಬ್ಯಾಚ್ 119. ಸಂಖ್ಯೆ ಹೇಳುವುದು ಪೀಪಾಯಿಯ ಕಥೆಯನ್ನು. ಅದು ಪರೀಕ್ಷೆಯ ಅಂಕ ಅಲ್ಲ. ದೊಡ್ಡ ನಂಬರ್ ಹುಡುಕಿ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಸ್ವಲ್ಪ ನಗು.

ಈಗ ಉರಿಯ ವಿಷಯ. ನಮ್ಮ ಬಾಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕವಿದೆ. ಮೆಣಸಿನಕಾಯಿ ಕೆಣಕುವುದೂ ಅದನ್ನೇ. ಸಾಮಾನ್ಯವಾಗಿ 42 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಕೂಗುತ್ತದೆ. ಆಲ್ಕೋಹಾಲ್ ತಾಗಿದಾಗ ಈ ಗೆರೆ ಸುಮಾರು 34ಕ್ಕೆ ಇಳಿಯುತ್ತದೆ. ಅಂದರೆ ನಿಮ್ಮ ಬಾಯಿಯ ಸ್ವಂತ ಬಿಸಿಯೇ ನಿಮಗೆ ಸುಟ್ಟಂತೆ ಅನ್ನಿಸುತ್ತದೆ. ನಿಮ್ಮ ನಾಲಿಗೆಯಲ್ಲಿ ತಪ್ಪಿಲ್ಲ, ಬಿಡಿ.

ನಾನೂ ಮೊದಲ ಸಲ ಇಂಥದ್ದನ್ನು ಗುಲಾಬಿ ಮೂಸಿದ ಹಾಗೆ ಮೂಸಿದ್ದೆ. ಆ ಸಂಜೆಯಿಡೀ ಮೂಗಿಗೆ ಬೇರೇನೂ ತಿಳಿಯಲಿಲ್ಲ. ಒಣಮೆಣಸಿನಕಾಯಿಯ ಒಗ್ಗರಣೆ ಹಾಕುವಾಗ ಬಾಣಲೆಯ ಮೇಲೆ ಮುಖ ಇಡುತ್ತೀರಾ? ಘಾಟು ಇಳಿದ ಮೇಲೆ ತಾನೇ ಕರಿಬೇವಿನ ಪರಿಮಳ ಗೊತ್ತಾಗುವುದು? ಇಲ್ಲೂ ಅಷ್ಟೇ. ಬಾಯಿ ಕಿರಿದಾದ ಸಣ್ಣ ಗ್ಲಾಸಿಗೆ 30 ಮಿಲಿ ಸುರಿದು ಹದಿನೈದು ನಿಮಿಷ ಸುಮ್ನೆ ಬಿಡಿ. ಆಮೇಲೆ ಗ್ಲಾಸನ್ನು ಗದ್ದದ ಹತ್ತಿರ ಹಿಡಿದು, ತುಟಿ ಸ್ವಲ್ಪ ತೆರೆದು, ಮೆಲ್ಲಗೆ ಉಸಿರು ಎಳೆಯಿರಿ. ಮೂಗಿಗೆ ಘಾಟು ಕಡಿಮೆ ಬಡಿಯುತ್ತದೆ, ವಾಸನೆ ತಿಳಿಯುತ್ತದೆ.

ಚೆರ್ರಿ ಸಿಗದಿದ್ದರೆ ಚಿಂತೆ ಬೇಡ. ನಿಮಗೆ ಗೊತ್ತಿರುವುದನ್ನು ಹುಡುಕಿ. ಆಲೆಮನೆಯಲ್ಲಿ ಬೆಲ್ಲ ಪಾಕಕ್ಕೆ ಬರುವಾಗಿನ ವಾಸನೆ ಒಳ್ಳೆಯ ಬರ್ಬನ್‌ನಲ್ಲಿ ಎಷ್ಟೋ ಸಲ ಸಿಕ್ಕಿದೆ ನನಗೆ. ಒಣ ಕೊಬ್ಬರಿಯಂಥ ವಾಸನೆಯೂ ಇರುತ್ತದೆ, ಲವಂಗವೂ ಇರುತ್ತದೆ. ಇವು ಕಲ್ಪನೆಯಲ್ಲ. ಓಕ್ ಮರದಿಂದ ಬರುವ ಲ್ಯಾಕ್ಟೋನ್ ಎಂಬ ಅಂಶಕ್ಕೆ ಕೊಬ್ಬರಿಯ ವಾಸನೆ. ಲವಂಗದಲ್ಲಿರುವ ಯುಜಿನಾಲ್ ಓಕ್‌ನಲ್ಲೂ ಇದೆ. ವೆನಿಲಾ ವಾಸನೆಯ ವೆನಿಲಿನ್ ಕೂಡ ಮರದ್ದೇ.

ಮೊದಲ ಗುಟುಕಿಗೆ ಅಂಕ ಕೊಡಬೇಡಿ. ಅದು ಬಾಯಿಗೆ ಸುದ್ದಿ ಮುಟ್ಟಿಸುವ ಗುಟುಕು, ಅರ್ಧ ಚಮಚ ಸಾಕು. ಎರಡನೆಯದನ್ನು ಅಗಿಯಿರಿ. ಹೌದು, ತುತ್ತು ಅಗಿದ ಹಾಗೆಯೇ. ಬುಕರ್ಸ್ ಬರ್ಬನ್‌ಗೆ ಹೆಸರು ಕೊಟ್ಟ ಬುಕರ್ ನೋ ಹೀಗೇ ರುಚಿ ನೋಡುತ್ತಿದ್ದರು. ಅದಕ್ಕೆ ‘ಕೆಂಟಕಿ ಚ್ಯೂ’ ಎಂಬ ಹೆಸರೇ ಇದೆ.

ಇಲ್ಲಿಂದ ನಿಜವಾದ ತೀರ್ಮಾನ. ಬಿಸಿ ಎಲ್ಲಿದೆ ನೋಡಿ. ನಾಲಿಗೆಯ ತುದಿಯಲ್ಲಿ ಸೂಜಿ ಚುಚ್ಚಿ, ಹಿಂದೆ ಏನೂ ಉಳಿಯದಿದ್ದರೆ ಅದು ಬರೀ ಸ್ಪಿರಿಟ್. ಎದೆಗೆ ಇಳಿದು ಬೆಚ್ಚಗೆ ಕೂತು, ಸಿಹಿ ಇನ್ನೂ ಬಾಯಲ್ಲಿದ್ದರೆ ಒಳ್ಳೆಯ ಲಕ್ಷಣ. ನೇಲ್ ಪಾಲಿಶ್ ವಾಸನೆಯೋ ಹಸಿ ಜೋಳದ ವಾಸನೆಯೋ ಮುಂದೆ ನಿಂತರೆ ಇನ್ನೂ ಎಳೆಯದು ಅಂದುಕೊಳ್ಳಿ. ಹೆಚ್ಚು ಕುದಿಸಿದ ಟೀ ಥರ ಬಾಯಿ ಒಗರಾದರೆ ಪೀಪಾಯಿಯಲ್ಲಿ ಅತಿಯಾಗಿ ಕೂತಿದೆ. ಹನ್ನೆರಡು ವರ್ಷ ಎಂದ ಮಾತ್ರಕ್ಕೆ ನಾನು ಕೈ ಮುಗಿಯುವುದಿಲ್ಲ. ಹೊಸ ಮರ, ಬಿಸಿ ಹವೆ ಎರಡೂ ಸೇರಿದರೆ ವಯಸ್ಸು ಬೇಗ ಭಾರವಾಗುತ್ತದೆ.

ಇನ್ನು ಅಪಚಾರದ ಮಾತು. ತಮ್ಮನಿಗೆ ಹೇಳಿ, ನೀರು ಹಾಕುವುದು ಪರೀಕ್ಷೆಯ ಅರ್ಧ ಭಾಗ. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಮಾದರಿಯಲ್ಲಿ ಇದನ್ನೇ ನೋಡಿದರು. ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಣು, ಆಲ್ಕೋಹಾಲ್ ಶೇ 45ರವರೆಗೆ ಇದ್ದಾಗ ದ್ರವದ ಮೇಲ್ಮೈಯಲ್ಲಿ ಇರುತ್ತದೆ. ಶೇ 59 ದಾಟಿದರೆ ಆಲ್ಕೋಹಾಲ್ ಅದನ್ನು ಸುತ್ತುವರಿದು ಒಳಕ್ಕೆ ತಳ್ಳುತ್ತದೆ. ನಿಮ್ಮದು 62. ಮೂವತ್ತು ಮಿಲಿಗೆ ಒಂದೂವರೆ ಟೀ ಚಮಚ, ಅಂದರೆ ಸುಮಾರು ಏಳು ಮಿಲಿ ನೀರು ಬಿದ್ದರೆ ಶೇ 50ಕ್ಕೆ ಬರುತ್ತದೆ. ಒಮ್ಮೆಗೇ ಸುರಿಯಬೇಡಿ. ಅರ್ಧರ್ಧ ಚಮಚ ಹಾಕಿ, ಪ್ರತಿ ಸಲ ಮೂಸಿ. ಎಲ್ಲೋ ಒಂದು ಕಡೆ ಬೆಲ್ಲದ ಬಾಗಿಲು ತೆರೆಯುತ್ತದೆ, ಅಲ್ಲಿ ನಿಲ್ಲಿಸಿ. ನನ್ನ ಲೆಕ್ಕದಲ್ಲಿ ನೀರು ಬಿದ್ದ ತಕ್ಷಣ ತೆಳ್ಳಗಾಗಿ ಸಪ್ಪೆಯಾಗುವ ಬರ್ಬನ್ ಪ್ರೂಫ್‌ನ ಬಲದಲ್ಲೇ ಬದುಕಿತ್ತು. ಒಳ್ಳೆಯದು ನೀರು ಕುಡಿದು ಅರಳುತ್ತದೆ. ಐಸ್ ಹಾಕಿದಾಗ ಮಬ್ಬಾದರೆ ಹೆದರಬೇಡಿ, ಕೊಬ್ಬಿನಂಶ ಸೋಸದೆ ಉಳಿಸಿದ್ದಾರೆ ಅಷ್ಟೇ.

ಒಂದು ಸಂಜೆಗೆ ಈ 30 ಮಿಲಿ ಸಾಕು. ನಿಮ್ಮ ಮಾಮೂಲಿ ಪೆಗ್ಗಿನ ಒಂದೂವರೆಯಷ್ಟು ಅದರಲ್ಲೇ ಇದೆ. ಜೊತೆಗೆ ನೀರು ಕುಡಿಯಿರಿ, ಗಾಡಿ ಮುಟ್ಟಬೇಡಿ. ಗ್ಲಾಸನ್ನು ತೊಳೆಯದೆ ಇಟ್ಟು ಬೆಳಿಗ್ಗೆ ಮೂಸಿ ನೋಡಿ. ಆಲ್ಕೋಹಾಲ್ ಹಾರಿಹೋಗಿ ಮರ, ಬೆಲ್ಲ ಮಾತ್ರ ಉಳಿದಿರುತ್ತವೆ. ತಮ್ಮ ಹೇಳಿದ ಚರ್ಮದ ವಾಸನೆಯೂ ಅಲ್ಲೇ ಸಿಕ್ಕೀತು.

ಪ್ರಶ್ನೆ: ಮುಂದಿನ ಸಲ 141 ಪ್ರೂಫ್‌ನದ್ದು ತರುತ್ತೇನೆ ಅನ್ನುತ್ತಿದ್ದಾನೆ. ತರಬಹುದಾ?

ಉತ್ತರ: ಬೇಡ ಅನ್ನಿ. 141 ಎಂದರೆ ಶೇ 70.5. ಶೇ 70 ಮೀರಿದ ಮದ್ಯವನ್ನು ವಿಮಾನದಲ್ಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ಚೆಕ್-ಇನ್ ಸಾಮಾನಿನಲ್ಲೂ ಇಡುವಂತಿಲ್ಲ. ಅದಕ್ಕೇ ಅಲ್ಲಿನವರು 140 ದಾಟಿದ್ದನ್ನು ‘ಹ್ಯಾಜ್‌ಮ್ಯಾಟ್’ (ಅಪಾಯಕಾರಿ ವಸ್ತು) ಎಂದು ತಮಾಷೆಯಾಗಿ ಕರೆಯುವುದು. ಅದರ ಬದಲು ವೈಲ್ಡ್ ಟರ್ಕಿ ರೇರ್ ಬ್ರೀಡ್ ಎಂಬ ಬರ್ಬನ್ ತರಲಿ. 116.8 ಪ್ರೂಫ್, ಶೇ 58.4. ಕಲಿಯುವವರಿಗೆ ನಾನು ಮೊದಲು ಕೊಡುವುದು ಅದನ್ನೇ.